ಎಣ್ಣೆ ಸೋರಿದ ಮಣ್ಣನ್ನು ಮತ್ತೆ ಹಸನು ಮಾಡುವುದು ಹೇಗೆ?

ಡೀಸೆಲ್ ಪಂಪ್‌ಸೆಟ್ ಇರಿಸಿದ ಜಾಗದ ಸುತ್ತ ಹುಲ್ಲು ಸಹ ಬೆಳೆಯದಿರುವುದನ್ನು ನಮ್ಮ ರೈತರು ನೋಡಿಯೇ ಇರುತ್ತಾರೆ. ಎಂಜಿನ್ನಿಗೆ ಎಣ್ಣೆ ತುಂಬುವಾಗ ಪ್ರತಿಸಲವೂ ಸ್ವಲ್ಪ ಸ್ವಲ್ಪ ಚೆಲ್ಲುತ್ತಾ ಹೋದರೆ ಕೆಲವು ವರ್ಷಗಳಲ್ಲಿ ಆ ಮಣ್ಣು ಕಪ್ಪಾಗಿ, ನೀರು ಹಾಕಿದರೂ ಹೀರದಂತಾಗುತ್ತದೆ. ಇದೇ ಎಣ್ಣೆ ನೆಲದೊಳಗೆ ಹೂತಿಟ್ಟ ಟ್ಯಾಂಕಿನಿಂದ ಕಣ್ಣಿಗೆ ಕಾಣದಂತೆ ಸೋರತೊಡಗಿದರೆ ಹಾನಿ ಅಷ್ಟಕ್ಕೇ ನಿಲ್ಲುವುದಿಲ್ಲ. ಪಕ್ಕದ ಹೊಲಕ್ಕೂ, ಬಾವಿಗೂ ಹಬ್ಬುತ್ತದೆ. ಆದರೆ ಇಂತಹ ನೆಲ ಕೆಟ್ಟೇ ಹೋಯಿತೆಂದು ಕೈಬಿಡಬೇಕಾಗಿಲ್ಲ. ಸರಿಯಾದ ಕ್ರಮದಲ್ಲಿ, ತಾಳ್ಮೆಯಿಂದ ಉಪಚರಿಸಿದರೆ ಅದು ಮತ್ತೆ ಬೇಸಾಯಕ್ಕೆ ಬರುತ್ತದೆ.

ನಮ್ಮ ಭಾಗಕ್ಕೆ ಇದು ಏಕೆ ಮುಖ್ಯ?

ಬೆಂಗಳೂರು–ಮಂಗಳೂರು ಹೆದ್ದಾರಿ ಚನ್ನರಾಯಪಟ್ಟಣ ಮತ್ತು ಹಾಸನಗಳ ಮೇಲೆ ಹಾದುಹೋಗುತ್ತದೆ. ಹಾಸನ–ಮೈಸೂರು ರಸ್ತೆ ಹೊಳೆನರಸೀಪುರದ ಮೂಲಕ ಸಾಗುತ್ತದೆ. ಈ ರಸ್ತೆಗಳ ಬದಿಯ ಪೆಟ್ರೋಲ್ ಬಂಕುಗಳಿಗೆ ಎಷ್ಟೋ ಕಡೆ ರಾಗಿ ಹೊಲ, ತೆಂಗಿನ ತೋಟಗಳೇ ನೆರೆ. ಬಂಕಿನ ಎಣ್ಣೆಯೆಲ್ಲ ಇರುವುದು ನೆಲದಡಿಯ ಟ್ಯಾಂಕುಗಳಲ್ಲಿ. ಮಂಗಳೂರಿನಿಂದ ಹಾಸನದ ಮೂಲಕ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಸುಮಾರು ೩೬೦ ಕಿಲೋಮೀಟರ್ ಉದ್ದದ ಕೊಳವೆ ಮಾರ್ಗವೂ ೨೦೦೩ರಿಂದ ಕೆಲಸ ಮಾಡುತ್ತಿದೆ. ಅದು ಹಾಯ್ದಿರುವುದು ರೈತರ ಜಮೀನಿನ ಅಡಿಯಲ್ಲೇ. ಇನ್ನು ಅರಕಲಗೂಡಿನ ಶುಂಠಿ, ಆಲೂಗೆಡ್ಡೆ ಬೆಳೆಗಾರರಿರಲಿ, ಹೊಳೆನರಸೀಪುರದ ಭತ್ತದ ಬೆಳೆಗಾರರಿರಲಿ, ಟ್ರ್ಯಾಕ್ಟರು, ಟಿಲ್ಲರುಗಳಿಗಾಗಿ ಡ್ರಮ್ಮಿನಲ್ಲಿ ಡೀಸೆಲ್ ಇಟ್ಟುಕೊಳ್ಳುವವರು ಎಲ್ಲೆಡೆಯೂ ಇದ್ದಾರೆ.

ಸೋರಿಕೆ ಸಣ್ಣದೆಂದು ಉದಾಸೀನ ಮಾಡಬಾರದು. ಸೆಕೆಂಡಿಗೆ ಒಂದು ಹನಿಯಂತೆ ತೊಟ್ಟಿಕ್ಕಿದರೂ ದಿನಕ್ಕೆ ನಾಲ್ಕು ಲೀಟರಿಗೂ ಮಿಕ್ಕಿ, ತಿಂಗಳಿಗೆ ಸುಮಾರು ೧೩೦ ಲೀಟರ್ ಎಣ್ಣೆ ಮಣ್ಣು ಸೇರುತ್ತದೆ.

ಮಣ್ಣಿನೊಳಗೆ ಏನಾಗುತ್ತದೆ?

ಹಳೆಯ ಉಕ್ಕಿನ ಟ್ಯಾಂಕುಗಳು ತುಕ್ಕು ಹಿಡಿದು ತೂತಾಗುತ್ತವೆ. ಕೊಳವೆಗಳ ಜೋಡಣೆಗಳು ಸಡಿಲಗೊಳ್ಳುತ್ತವೆ. ಅಲ್ಲಿಂದ ಹೊರಬಿದ್ದ ಎಣ್ಣೆ ಮೊದಲು ನೇರವಾಗಿ ಕೆಳಕ್ಕಿಳಿಯುತ್ತದೆ. ನಮ್ಮ ಕೆಂಪು ಮರಳುಮಿಶ್ರಿತ ಮಣ್ಣು, ಅದರಡಿಯ ಗರಸು ಎಣ್ಣೆಯನ್ನು ಬೇಗ ಒಳಗೆ ಬಿಟ್ಟುಕೊಳ್ಳುತ್ತವೆ. ಎಣ್ಣೆ ನೀರಿಗಿಂತ ಹಗುರ. ಆದ್ದರಿಂದ ಅಂತರ್ಜಲ ಸಿಕ್ಕಿದೊಡನೆ ಅದರ ಮೇಲೆ ತೇಲುತ್ತಾ, ನೀರು ಹರಿಯುವ ದಿಕ್ಕಿಗೆ ಸರಿಯತೊಡಗುತ್ತದೆ. ಗೊರೂರಿನ ಹೇಮಾವತಿ ಜಲಾಶಯದ ನಾಲೆ ನೀರು ಹರಿಯುವ ಕಡೆಗಳಲ್ಲಿ ಅಂತರ್ಜಲ ಮೇಲೆಯೇ ಇರುವುದರಿಂದ ಎಣ್ಣೆಗೂ ನೀರಿಗೂ ನಡುವಿನ ದೂರ ಕಡಿಮೆ. ಕೊಳವೆಬಾವಿಗಳನ್ನೇ ನಂಬಿರುವ ಕಡೆಗಳಲ್ಲಿ ಬಂಡೆಯ ಬಿರುಕುಗಳೇ ದಾರಿ; ಬಾವಿಯಿಂದ ಜೋರಾಗಿ ನೀರೆತ್ತಿದಷ್ಟೂ ಎಣ್ಣೆ ಆ ಕಡೆಗೆ ಎಳೆಯಲ್ಪಡುವ ಸಂಭವವುಂಟು.

ಎಣ್ಣೆ ಮಣ್ಣಿನ ಕಣಗಳಿಗೆ ಲೇಪದಂತೆ ಅಂಟಿಕೊಂಡು ನೀರು ಇಂಗದಂತೆ ಮಾಡುತ್ತದೆ. ಕಣಗಳ ನಡುವಿನ ಗಾಳಿಯ ಜಾಗವನ್ನು ಆಕ್ರಮಿಸಿ ಬೇರುಗಳ ಉಸಿರು ಕಟ್ಟಿಸುತ್ತದೆ. ಎಣ್ಣೆಯಲ್ಲಿ ಇಂಗಾಲ ಹೇರಳ, ಸಾರಜನಕ ಇಲ್ಲವೆನ್ನುವಷ್ಟು ಕಡಿಮೆ. ಎಣ್ಣೆಯನ್ನು ತಿನ್ನಲು ಬರುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿರುವ ಸಾರಜನಕವನ್ನೆಲ್ಲ ತಾವೇ ಬಳಸಿಕೊಳ್ಳುವುದರಿಂದ ಪೈರು ಹಳದಿಗೆ ತಿರುಗುತ್ತದೆ.

ಪೆಟ್ರೋಲಿನಲ್ಲಿರುವ ಬೆಂಜೀನ್ ಎಂಬ ಪದಾರ್ಥ ನೀರಿನಲ್ಲಿ ಕರಗುತ್ತದೆ. ಅದು ಕ್ಯಾನ್ಸರ್ ತರುವಂಥದು. ಕುಡಿಯುವ ನೀರಿನಲ್ಲಿ ಲೀಟರಿಗೆ ೧೦ ಮೈಕ್ರೋಗ್ರಾಂ, ಅಂದರೆ ಒಂದು ಗ್ರಾಮಿನ ಲಕ್ಷದಲ್ಲೊಂದು ಪಾಲು, ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಗೊತ್ತುಪಡಿಸಿದೆ. ಆದಕಾರಣ ಬಾವಿಯ ನೀರಿಗೆ ಎಣ್ಣೆಯ ವಾಸನೆ ಬಂದೊಡನೆ ಅದನ್ನು ಕುಡಿಯುವುದನ್ನೂ ದನಕರುಗಳಿಗೆ ಕುಡಿಸುವುದನ್ನೂ ನಿಲ್ಲಿಸಬೇಕು. ಕಾಯಿಸುವುದು ಇದಕ್ಕೆ ಪರಿಹಾರವಲ್ಲ.

ಗುರುತಿಸುವುದು ಹೇಗೆ?

೧. ಬಾವಿ ನೀರಿನಲ್ಲಿ ಎಣ್ಣೆಯ ವಾಸನೆ, ಮೇಲೆ ಕಾಮನಬಿಲ್ಲಿನ ಬಣ್ಣದ ಪೊರೆ.
೨. ಬಂಕು ಅಥವಾ ಟ್ಯಾಂಕಿನ ಇಳಿಜಾರಿನ ಕಡೆ ಮಾತ್ರ ಪೈರು ತೇಪೆ ತೇಪೆಯಾಗಿ ಒಣಗುವುದು.
೩. ಗುಂಡಿ ತೋಡಿದಾಗ ಮಣ್ಣು ಕಪ್ಪಾಗಿ ಅಥವಾ ಬೂದು ಬಣ್ಣವಾಗಿ ವಾಸನೆ ಬರುವುದು.
೪. ನೀರು ಹಾಕಿದರೆ ಇಂಗದೆ ಗುಳ್ಳೆಗಳಾಗಿ ಉರುಳುವುದು.

ಮಣ್ಣೇ ಮಣ್ಣಿಗೆ ವೈದ್ಯ

ಎಣ್ಣೆಯನ್ನು ಆಹಾರವಾಗಿ ಬಳಸಿ, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗಿ ಒಡೆಯಬಲ್ಲ ಸೂಕ್ಷ್ಮಜೀವಿಗಳು ಸಾಮಾನ್ಯವಾಗಿ ಎಲ್ಲ ಹೊಲಗಳಲ್ಲೂ ಇರುತ್ತವೆ. ಅವುಗಳಿಗೆ ಬೇಕಾದುದು ಗಾಳಿ, ಹದವಾದ ತೇವ, ಸಾರಜನಕ ಮತ್ತು ರಂಜಕ. ೧೯೮೯ರಲ್ಲಿ ಅಮೆರಿಕದ ಅಲಾಸ್ಕಾ ತೀರದಲ್ಲಿ ಎಕ್ಸಾನ್ ವಾಲ್ಡೀಜ್ ಹಡಗಿನ ಕಚ್ಚಾ ತೈಲ ಚೆಲ್ಲಿದಾಗ, ದಡಕ್ಕೆ ರಸಗೊಬ್ಬರ ಹಾಕಿ ಅಲ್ಲಿನ ಸೂಕ್ಷ್ಮಜೀವಿಗಳ ಕೆಲಸವನ್ನು ಚುರುಕುಗೊಳಿಸಲಾಯಿತು. ನಮ್ಮ ದೇಶದಲ್ಲಿ ಟೆರಿ ಸಂಸ್ಥೆಯ ವಿಜ್ಞಾನಿಗಳು ಇಂತಹ ಬ್ಯಾಕ್ಟೀರಿಯಾಗಳನ್ನು ಜೋಳದ ದಿಂಡಿನ ಪುಡಿಯಲ್ಲಿ ಬೆರೆಸಿ ‘ಆಯಿಲ್‌ಝ್ಯಾಪರ್’ ಎಂಬ ಪುಡಿಯನ್ನು ಸಿದ್ಧಪಡಿಸಿದ್ದಾರೆ. ತೈಲ ಬಾವಿಗಳ ಸುತ್ತಲಿನ ಮಣ್ಣಿನ ಶುದ್ಧೀಕರಣಕ್ಕೆ ಇದು ಬಳಕೆಯಾಗಿದೆ. ಅಲಾಸ್ಕಾದ ಚಳಿಗೆ ಹೋಲಿಸಿದರೆ ನಮ್ಮ ಹಾಸನದ ಹವೆ ಈ ಜೀವಿಗಳಿಗೆ ವರ್ಷವಿಡೀ ಅನುಕೂಲವಾಗಿದೆ.

ಸಣ್ಣ ಪ್ರಮಾಣದ ಡೀಸೆಲ್ ಸೋರಿಕೆಗೆ ರೈತರೇ ಮಾಡಬಹುದಾದ ಕ್ರಮ

ಒಂದು ಉದಾಹರಣೆ ತೆಗೆದುಕೊಳ್ಳೋಣ. ಡ್ರಮ್ಮು ಸೋರಿ ೪೦ ಲೀಟರ್ ಡೀಸೆಲ್ ಮಣ್ಣು ಸೇರಿದೆ. ಅಗೆದರೆ ಸುಮಾರು ಒಂದು ಟ್ರೇಲರ್, ಅಂದರೆ ೩ ಘನ ಮೀಟರ್ ಮಣ್ಣಿನಲ್ಲಿ ವಾಸನೆಯಿದೆ.

೧. ಮೊದಲು ಸೋರಿಕೆ ನಿಲ್ಲಿಸಿ. ಬೀಡಿ, ಬೆಂಕಿ ಹತ್ತಿರ ಸುಳಿಯಬಾರದು. ಮೇಲೆ ನಿಂತ ಎಣ್ಣೆಯನ್ನು ಮರದ ಹೊಟ್ಟು ಅಥವಾ ಒಣ ಮಣ್ಣಿನಿಂದ ಹೀರಿಸಿ, ಬಳಿದು ತೆಗೆಯಿರಿ. ಇಳಿಜಾರಿನ ಕಡೆ ಬದು ಹಾಕಿ.

೨. ಬಾವಿ, ಹಳ್ಳ, ನಾಲೆಗಳಿಂದ ದೂರವಾದ ಎತ್ತರದ ಜಾಗದಲ್ಲಿ ೨೦ ಅಡಿ ಉದ್ದ, ೧೦ ಅಡಿ ಅಗಲದ ಮಡಿ ಮಾಡಿ, ಸುತ್ತ ಏರಿ ಕಟ್ಟಿ, ತಳಕ್ಕೆ ದಪ್ಪ ಪಾಲಿಥೀನ್ ಹಾಳೆ ಹಾಸಿ. ಕೆಟ್ಟ ಮಣ್ಣನ್ನು ಅಗೆದು, ಹೆಂಟೆ ಒಡೆದು ಅದರ ಮೇಲೆ ಹರಡಿ. ಏಳು ಅಂಗುಲಕ್ಕಿಂತ ದಪ್ಪವಾದರೆ ಗಾಳಿಯಾಡುವುದಿಲ್ಲ.

೩. ಹತ್ತು ಬಾಂಡ್ಲಿ ಮಣ್ಣಿಗೆ ಒಂದು ಬಾಂಡ್ಲಿಯಂತೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಬೆರೆಸಿ. ಇದರಿಂದ ಮಣ್ಣು ಸಡಿಲವಾಗುತ್ತದೆ, ಸೂಕ್ಷ್ಮಜೀವಿಗಳೂ ಸೇರುತ್ತವೆ.

೪. ೪೦ ಲೀಟರ್ ಡೀಸೆಲಿನ ತೂಕ ಸುಮಾರು ೩೩ ಕಿಲೋ. ಅದರಲ್ಲಿ ಇಂಗಾಲ ಸುಮಾರು ೨೮ ಕಿಲೋ. ೧೦೦ ಭಾಗ ಇಂಗಾಲಕ್ಕೆ ೫ ಭಾಗ ಸಾರಜನಕ ಎಂದು ಲೆಕ್ಕ ಹಾಕಿದರೆ ೧.೪ ಕಿಲೋ ಸಾರಜನಕ, ಅಂದರೆ ೩ ಕಿಲೋ ಯೂರಿಯಾ ಬೇಕು. ರಂಜಕಕ್ಕಾಗಿ ೨ ಕಿಲೋ ಸೂಪರ್ ಫಾಸ್ಫೇಟ್ ಸಾಕು. ಸೂಪರ್ ಫಾಸ್ಫೇಟನ್ನು ಮೊದಲೇ ಪೂರ್ತಿ ಬೆರೆಸಿ. ಯೂರಿಯಾವನ್ನು ಮಾತ್ರ ಮೂರು ವಾರಕ್ಕೊಮ್ಮೆ ೧ ಕಿಲೋದಂತೆ ಮೂರು ಕಂತಿನಲ್ಲಿ ನೀರಿನಲ್ಲಿ ಕರಗಿಸಿ ಚಿಮುಕಿಸಿ. ಒಂದೇ ಸಲ ಹಾಕಿದರೆ ಜೀವಿಗಳಿಗೇ ಮಾರಕ.

೫. ಮಣ್ಣನ್ನು ಹಿಡಿಯಲ್ಲಿ ಅದುಮಿದರೆ ಉಂಡೆಯಾಗಬೇಕು, ನೀರು ಒಸರಬಾರದು. ಈ ಹದವನ್ನು ಕಾಯ್ದುಕೊಳ್ಳಿ. ವಾರಕ್ಕೊಮ್ಮೆ ಗುದ್ದಲಿಯಿಂದ ತಿರುವಿ ಹಾಕಿ. ಹಾಳೆ ಹರಿಯದಂತೆ ಎಚ್ಚರ ವಹಿಸಿ. ಮಳೆ ಬರುವಾಗ ಟಾರ್ಪಾಲು ಹೊದಿಸಿ.

೬. ಹುಳಿ ಮಣ್ಣಿನಲ್ಲಿ ಕೆಲಸ ನಿಧಾನ. ಮಣ್ಣು ಪರೀಕ್ಷೆ ಮಾಡಿಸಿ, ರಸಸಾರ ೬ಕ್ಕಿಂತ ಕಡಿಮೆಯಿದ್ದರೆ ಶಿಫಾರಸಿನಂತೆ ಸುಣ್ಣ ಸೇರಿಸಿ.

ಸಾಮಾನ್ಯವಾಗಿ ಮೂರರಿಂದ ಆರು ತಿಂಗಳಲ್ಲಿ ವಾಸನೆ ಹೋಗಿ ಮಣ್ಣು ನೀರು ಹೀರತೊಡಗುತ್ತದೆ. ಆಗ ಒಂದು ಕುಂಡದಲ್ಲಿ ಈ ಮಣ್ಣನ್ನೂ ಇನ್ನೊಂದರಲ್ಲಿ ಒಳ್ಳೆಯ ಮಣ್ಣನ್ನೂ ತುಂಬಿ, ತಲಾ ೨೫ ಹೆಸರು ಕಾಳು ಬಿತ್ತಿ. ಎರಡರಲ್ಲೂ ಮೊಳಕೆ, ಬೆಳವಣಿಗೆ ಒಂದೇ ಸಮನಾಗಿದ್ದರೆ ಮಣ್ಣು ಚೇತರಿಸಿಕೊಂಡಿದೆಯೆಂದು ತಿಳಿಯಬಹುದು. ಇದು ಮೊದಲ ಸೂಚನೆಯಷ್ಟೇ. ಎಣ್ಣೆಯ ಶೇಷ ಎಷ್ಟಿದೆಯೆಂಬುದು ಪ್ರಯೋಗಾಲಯದ ಪರೀಕ್ಷೆಯಿಂದಲೇ ತಿಳಿಯಬೇಕು. ಮೊದಲ ಬೆಳೆಯಾಗಿ ಅಪ್ಸೆಣಬನ್ನು ಬೆಳೆದು ಮಣ್ಣಿಗೆ ಸೇರಿಸುವುದು ಲೇಸು. ಆಲೂಗೆಡ್ಡೆ, ಶುಂಠಿಯಂತಹ ನೆಲದೊಳಗಿನ ಬೆಳೆಗಳನ್ನು ಕೂಡಲೇ ಹಾಕಬಾರದು.

ಈ ವಿಧಾನ ಡೀಸೆಲ್, ಸೀಮೆಎಣ್ಣೆಗಳಿಗೆ ಮಾತ್ರ. ಸುಟ್ಟ ಎಂಜಿನ್ ಆಯಿಲಿನಲ್ಲಿ ಲೋಹಗಳ ಅಂಶವಿರುವುದರಿಂದ ಅದನ್ನು ಹೀಗೆ ಮಣ್ಣಿಗೆ ಬಿಡಬಾರದು.

ಮಾಡಬಾರದ ಕೆಲಸಗಳು

ಕೆಟ್ಟ ಮಣ್ಣಿಗೆ ಬೆಂಕಿ ಹಚ್ಚಬೇಡಿ. ಸೋಪಿನ ಪುಡಿ ಹಾಕಿ ತೊಳೆಯಬೇಡಿ. ಎಣ್ಣೆ ಇನ್ನೂ ಆಳಕ್ಕಿಳಿಯುತ್ತದೆ. ಮೇಲೆ ಹೊಸ ಮಣ್ಣು ಮುಚ್ಚಿ ಮರೆಯಬೇಡಿ. ಹಳ್ಳಕ್ಕೆ ಸುರಿಯಲೇಬೇಡಿ, ನಮ್ಮ ಹಳ್ಳದ ನೀರು ಹೇಮಾವತಿಯನ್ನೋ ಮತ್ತೊಂದು ಹೊಳೆಯನ್ನೋ ಸೇರಿ ಕೆಳಗಿನ ಊರುಗಳವರಿಗೆ ಕುಡಿಯಲು ಹೋಗುತ್ತದೆ.

ಬಂಕಿನ ಟ್ಯಾಂಕು ಅಥವಾ ಕೊಳವೆ ಸೋರಿದರೆ

ಇದು ರೈತರ ಗುದ್ದಲಿಗೆ ಬಗ್ಗುವ ಕೆಲಸವಲ್ಲ. ಪೆಟ್ರೋಲಿನ ಆವಿ ಹೊತ್ತಿಕೊಳ್ಳುವ ಅಪಾಯವಿದೆ, ತಾವಾಗಿ ಅಗೆಯಬಾರದು. ತಜ್ಞರು ಮೊದಲು ಟ್ಯಾಂಕನ್ನು ಬರಿದು ಮಾಡಿ, ಪರೀಕ್ಷಾ ಬಾವಿಗಳನ್ನು ಕೊರೆದು ಎಣ್ಣೆ ಎಲ್ಲಿಯವರೆಗೆ ಹಬ್ಬಿದೆಯೆಂದು ನೋಡುತ್ತಾರೆ. ನೀರಿನ ಮೇಲೆ ತೇಲುವ ಎಣ್ಣೆಯನ್ನು ಪಂಪಿನಿಂದ ಎತ್ತುತ್ತಾರೆ. ಪೆಟ್ರೋಲಿನ ಆವಿಯನ್ನು ಕೊಳವೆಗಳ ಮೂಲಕ ಹೀರಿ ತೆಗೆಯುತ್ತಾರೆ. ಡೀಸೆಲ್ ಇದ್ದರೆ ನೆಲದೊಳಗೆ ಗಾಳಿ ಊದಿ ಸೂಕ್ಷ್ಮಜೀವಿಗಳಿಗೆ ನೆರವಾಗುತ್ತಾರೆ. ಮುಗಿಯಲು ವರ್ಷಗಳೇ ಬೇಕಾಗಬಹುದು. ಅಮೆರಿಕದಲ್ಲಿ ೧೯೮೪ರ ಕಾಯಿದೆಯ ನಂತರ ಐದು ಲಕ್ಷಕ್ಕೂ ಹೆಚ್ಚು ಇಂತಹ ಸೋರಿಕೆಗಳು ದಾಖಲಾಗಿವೆ. ಅವುಗಳಲ್ಲಿ ಬಹುಪಾಲು ಕಡೆ ಶುದ್ಧೀಕರಣ ಮುಗಿದಿದೆ.

ರೈತರು ಮಾಡಬೇಕಾದ್ದು ಸಾಕ್ಷ್ಯವನ್ನು ಕಾಪಾಡುವುದು. ವಾಸನೆ ಕಂಡ ದಿನಾಂಕವನ್ನು ಬರೆದಿಡಿ, ಪೈರಿನ ಫೋಟೋ ತೆಗೆಯಿರಿ. ನೀರಿನ ಮಾದರಿಯನ್ನು ಪ್ಲಾಸ್ಟಿಕ್ಕಿನಲ್ಲಿ ಹಿಡಿಯದೆ, ಗಾಜಿನ ಶೀಶೆಯಲ್ಲಿ ಗಾಳಿ ಉಳಿಯದಂತೆ ಕಂಠಪೂರ್ತಿ ತುಂಬಿ, ತಂಪಾಗಿಟ್ಟು, ಪಂಚರ ಎದುರಿಗೆ ಒಪ್ಪಿಸಿ. ಸಾಮಾನ್ಯ ಮಣ್ಣು ಪರೀಕ್ಷಾ ಕೇಂದ್ರದಲ್ಲಿ ಎಣ್ಣೆಯ ಅಂಶ ಅಳೆಯುವುದಿಲ್ಲ. ಹಾಸನದಲ್ಲಿರುವ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಗೂ, ತಹಸೀಲ್ದಾರರಿಗೂ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಕೆಡಿಸಿದವನೇ ಸರಿಪಡಿಸುವ ಖರ್ಚು ಭರಿಸಬೇಕೆಂಬುದನ್ನು ರಾಜಸ್ಥಾನದ ಬಿಛ್ರಿ ಗ್ರಾಮದ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ೧೯೯೬ರಲ್ಲಿ ಎತ್ತಿಹಿಡಿದಿದೆ. ಅಲ್ಲಿ ಕಾರ್ಖಾನೆಗಳ ವಿಷದಿಂದ ಕೆಟ್ಟದ್ದು ರೈತರ ಬಾವಿ, ಭೂಮಿಗಳೇ. ಕಲುಷಿತ ಸ್ಥಳಗಳ ನಿರ್ವಹಣೆಗೆಂದೇ ಕೇಂದ್ರ ಸರ್ಕಾರ ೨೦೨೫ರ ಜುಲೈಯಲ್ಲಿ ಪ್ರತ್ಯೇಕ ನಿಯಮಗಳನ್ನು ಹೊರಡಿಸಿದೆ. ಕೊಳವೆ ಹಾಯ್ದ ಜಮೀನಿನಲ್ಲಿ ಬೇಸಾಯ ಮಾಡಬಹುದು. ಆದರೆ ೧೯೬೨ರ ಕಾಯಿದೆಯಂತೆ ಆ ಪಟ್ಟಿಯಲ್ಲಿ ಬಾವಿ ತೋಡುವಂತಿಲ್ಲ, ಕಟ್ಟಡ ಕಟ್ಟುವಂತಿಲ್ಲ, ಮರ ನೆಡುವಂತಿಲ್ಲ. ಅಲ್ಲಿ ವಾಸನೆ ಬಂದರೆ ಗುರುತಿನ ಕಂಬದ ಮೇಲಿರುವ ದೂರವಾಣಿ ಸಂಖ್ಯೆಗೆ ತಕ್ಷಣ ತಿಳಿಸಬೇಕು.

ಬರುವ ಮೊದಲೇ ತಡೆ

ಡೀಸೆಲ್ ಡ್ರಮ್ಮನ್ನು ನೆಲದಲ್ಲಿ ಹೂಳದೆ, ಕಣ್ಣಿಗೆ ಕಾಣುವಂತೆ ಅಟ್ಟಣೆಯ ಮೇಲಿಡಿ. ಕೆಳಗೆ ತಗಡಿನ ತಟ್ಟೆಯಿರಲಿ. ಬಾವಿಯ ಹತ್ತಿರ ಎಣ್ಣೆ ತುಂಬಬೇಡಿ. ತಂದದ್ದೆಷ್ಟು, ಬಳಸಿದ್ದೆಷ್ಟು ಎಂದು ವಾರಕ್ಕೊಮ್ಮೆ ಲೆಕ್ಕ ಹೊಂದಿಸಿ ನೋಡಿ. ಹೊಂದದಿದ್ದರೆ ಮೊದಲು ಡ್ರಮ್ಮಿನ ತಳ ಪರೀಕ್ಷಿಸಿ. ಎರಡು ನಿಮಿಷದ ಈ ಕೆಲಸ ಆರು ತಿಂಗಳ ದುಡಿಮೆಯನ್ನು ಉಳಿಸುತ್ತದೆ. ಹೆಚ್ಚಿನ ಸಲಹೆಗೆ ಕಂದಲಿಯ ಕೃಷಿ ವಿಜ್ಞಾನ ಕೇಂದ್ರವನ್ನಾಗಲಿ, ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನಾಗಲಿ ವಿಚಾರಿಸಬಹುದು.