ಕೆಟ್ಟ ಹಾರ್ಡ್ ಡಿಸ್ಕಿನಿಂದ ಹಸ್ತಪ್ರತಿಗಳ ಛಾಯಾಪ್ರತಿಗಳನ್ನು ಮರಳಿ ಪಡೆಯುವ ಕ್ರಮ

ಓಲೆಗರಿಗಳ ಛಾಯಾಪ್ರತಿಗಳನ್ನು ಇಂದು ಹಾರ್ಡ್ ಡಿಸ್ಕುಗಳಲ್ಲಿ ಕಾಪಿಡಲಾಗುತ್ತಿದೆ. ಗರಿಗಳು ಹುಳುಬಿದ್ದು ನಶಿಸಿದ ಮೇಲೆ ಛಾಯಾಪ್ರತಿಯೇ ಏಕೈಕ ಆಧಾರವಾಗುವುದುಂಟು. ಅಂತಹ ಡಿಸ್ಕು ಕೆಟ್ಟಾಗ ಅನುಸರಿಸಬೇಕಾದ ಕ್ರಮವು ಗ್ರಂಥಸಂಪಾದಕರಿಗೆ ಅಪರಿಚಿತವಾದುದೇನಲ್ಲ.

ಮೊದಲನೆಯದಾಗಿ, ಕೆಟ್ಟ ಡಿಸ್ಕಿನ ಮೇಲೆ ಏನನ್ನೂ ಬರೆಯಬಾರದು. ಲಿನಕ್ಸ್‌ನಲ್ಲಿ ಕಡತವ್ಯವಸ್ಥೆಯನ್ನು ಸರಿಪಡಿಸುವ ಎಫ್‌ಎಸ್‌ಸಿಕೆ ಎಂಬ ಆದೇಶವು ಡಿಸ್ಕನ್ನೇ ತಿದ್ದುತ್ತದೆಯಾದುದರಿಂದ ಅದನ್ನು ಮೂಲದ ಮೇಲೆ ಪ್ರಯೋಗಿಸಲಾಗದು. ಹರಿಹರೇಶ್ವರ ದೇವಾಲಯದ ಶಾಸನಗಳ ಅಚ್ಚು ತೆಗೆಯುವವರು ಸವೆದ ಅಕ್ಷರವನ್ನು ಶಿಲೆಯಲ್ಲಿಯೇ ಕೆತ್ತಿ ತುಂಬುವರೇ? ಡಿಸ್ಕಿನಿಂದ ಟಕಟಕ ಸದ್ದು ಬಂದರೆ ಕೂಡಲೇ ಆರಿಸಿ ತಜ್ಞರಿಗೆ ಒಪ್ಪಿಸಬೇಕು. ಓದುವ ಭಾಗವೇ ಕೆಟ್ಟಿದ್ದರೆ ಪ್ರತಿಯೊಂದು ಪ್ರಯತ್ನವೂ ಒಳಗಿನ ತಟ್ಟೆಯನ್ನು ಕೆರೆಯಬಹುದು.

ಎರಡನೆಯದು ಪ್ರತಿ ಮಾಡುವ ಕಾರ್ಯ. ಇದಕ್ಕೆ ಸಾಕಷ್ಟು ಸ್ಥಳವುಳ್ಳ ಬೇರೊಂದು ಡಿಸ್ಕೂ ಜಿಎನ್‌ಯು ಡಿಡಿರೆಸ್ಕ್ಯೂ ಎಂಬ ಉಚಿತ ತಂತ್ರಾಂಶವೂ ಬೇಕು. ಇದು ಮೊದಲ ಸುತ್ತಿನಲ್ಲಿ ಸುಲಭವಾಗಿ ಓದಬರುವ ಭಾಗಗಳನ್ನು ನಕಲಿಸುತ್ತ, ತೊಡಕಾದೆಡೆ ನಿಲ್ಲದೆ ಸಾಗುತ್ತದೆ. ಬಳಿಕ ಬಿಟ್ಟ ಭಾಗಗಳಿಗೆ ಮರಳಿ ಒಂದೊಂದೇ ಸೆಕ್ಟರನ್ನು, ಎಂದರೆ ಸಾಮಾನ್ಯವಾಗಿ 512 ಇಲ್ಲವೆ 4096 ಬೈಟುಗಳ ಘಟಕವನ್ನು, ಓದಲು ಯತ್ನಿಸುತ್ತದೆ. ದೊರೆತುದನ್ನು + ಎಂದೂ ಓದಲಾಗದುದನ್ನು - ಎಂದೂ ಒಂದು ಮ್ಯಾಪ್ ಕಡತದಲ್ಲಿ ಗುರುತಿಸುತ್ತದೆ. ಈ ಕಡತವಿದ್ದರೆ, ವಿದ್ಯುತ್ತು ಹೋದರೂ ಕೆಲಸವನ್ನು ನಿಂತಲ್ಲಿಂದ ಮುಂದುವರಿಸಬಹುದು.

ಮೂರನೆಯದಾಗಿ, ಈ ಪ್ರತಿಯ ಇನ್ನೊಂದು ಪ್ರತಿಯನ್ನು ಮಾಡಿಕೊಂಡು ದುರಸ್ತಿಯನ್ನು ಅದರಲ್ಲಿ ನಡೆಸಬೇಕು. ಕಡತವ್ಯವಸ್ಥೆಯೇ ಹಾಳಾಗಿದ್ದರೆ ಫೋಟೋರೆಕ್ ಎಂಬ ತಂತ್ರಾಂಶವು ಚಿತ್ರಗಳನ್ನು ಅವುಗಳ ಆರಂಭದ ಲಕ್ಷಣದಿಂದ ಗುರುತಿಸಿ ಹೊರತೆಗೆಯುತ್ತದೆ. ಆದರೆ ಕಡತಗಳ ಹೆಸರುಗಳು ಸಾಮಾನ್ಯವಾಗಿ ಉಳಿಯುವುದಿಲ್ಲ. ಕಟ್ಟು ಬಿಚ್ಚಿ ಚದುರಿದ ಗರಿಗಳಂತೆ ಇವುಗಳನ್ನೂ ಚಿತ್ರದೊಳಗಿನ ಗರಿಸಂಖ್ಯೆ ನೋಡಿಯೇ ಜೋಡಿಸಬೇಕು. ಆದಕಾರಣ ಛಾಯಾಗ್ರಹಣ ಕಾಲದಲ್ಲಿಯೇ ಪ್ರತಿಯ ಕ್ರಮಾಂಕದ ಚೀಟಿಯನ್ನು ಗರಿಯ ಪಕ್ಕದಲ್ಲಿರಿಸುವುದು ಲೇಸು.

ಕೊನೆಗೂ ಓದಲಾಗದೆ ಉಳಿದ ಭಾಗವನ್ನು ಏನು ಮಾಡಬೇಕು? ಗ್ರಂಥಪಾತವೆಂದು ದಾಖಲಿಸಬೇಕು, ಚಿತ್ರವನ್ನು ತಿದ್ದಿ ಮರೆಮಾಡಬಾರದು. ಮೂಡಬಿದಿರೆಯ ಸಿದ್ಧಾಂತ ಬಸದಿಯ ಧವಲಾ ತಾಡಪತ್ರಗಳ ವೃತ್ತಾಂತ ಇಲ್ಲಿ ಸ್ಮರಣೀಯ. 1939ರಲ್ಲಿ ಷಟ್ಖಂಡಾಗಮದ ಮೊದಲ ಸಂಪುಟವು ಪ್ರತಿಗಳ ಆಧಾರದಿಂದಲೇ ಅಚ್ಚಾಯಿತು. 93ನೆಯ ಸೂತ್ರದಲ್ಲಿ 'ಸಂಜದ' ಎಂಬ ಪದ ಬಿಟ್ಟುಹೋಗಿರಬೇಕೆಂದು ಸಂಪಾದಕರು ಊಹಿಸಿದರೂ ಅದನ್ನು ಪಾಠದೊಳಗೆ ಸೇರಿಸದೆ ಅಡಿಟಿಪ್ಪಣಿಯಲ್ಲಿ ಸೂಚಿಸಿದರು. ಮುಂದೆ ತಾಡಪತ್ರಗಳನ್ನು ಪರಿಶೀಲಿಸಿದಾಗ ಆ ಪದ ಅಲ್ಲಿ ದೊರೆಯಿತು. ಊಹೆ ಬೇರೆ, ಪಾಠ ಬೇರೆ ಎಂದು ಕಾಪಾಡಿದುದರಿಂದಲೇ ಆ ನಿರ್ಣಯ ಸಾಧ್ಯವಾಯಿತು.

ಆಗ ನಿರ್ಣಯಕ್ಕೆ ಮೂಲವು ಉಳಿದಿತ್ತು. ಡಿಸ್ಕಿನ ವಿಷಯದಲ್ಲಿ ಆ ಭಾಗ್ಯ ಸದಾ ಇರದು. ಆದುದರಿಂದ ಮರಳಿ ಪಡೆದ ಚಿತ್ರಗಳನ್ನು ಒಂದೊಂದಾಗಿ ತೆರೆದು ನೋಡಿ, ಬೇರೆ ಬೇರೆ ಸ್ಥಳಗಳಲ್ಲಿ ಎರಡು ಪ್ರತಿಗಳನ್ನಾದರೂ ಇರಿಸುವುದು ಭಂಡಾರಗಳ ಕರ್ತವ್ಯ.