ಅಡ್ಡಹೆಸರಿನಲ್ಲಿ ಉಳಿದ ಊರು

ಗದಗ ಸೀಮೆಯ ಮದುವೆ ಪತ್ರಿಕೆಯನ್ನು ನಿಧಾನವಾಗಿ ಓದಿದರೆ ಒಬ್ಬೊಬ್ಬರಿಗೂ ಎರಡೆರಡು ಊರು ಕಾಣುತ್ತವೆ. ಹೆಸರಿನ ಕೊನೆಗೆ ‘ಡಂಬಳ’ ಎಂದಿರುತ್ತದೆ, ಕೆಳಗೆ ‘ಸಾ॥ ಲಕ್ಷ್ಮೇಶ್ವರ’. ಲಕ್ಷ್ಮೇಶ್ವರ ಈಗ ಬಾಳುವೆ ಮಾಡುತ್ತಿರುವ ಊರು. ಡಂಬಳ ಅಜ್ಜನೋ ಮುತ್ತಜ್ಜನೋ ಬಿಟ್ಟುಬಂದ ಊರು.

ಮುಳಗುಂದ, ಹೊಂಬಳ, ಸೊರಟೂರ, ಲಕ್ಕುಂಡಿ, ಮುಂಡರಗಿ, ಶಿರಹಟ್ಟಿ ಎಲ್ಲವೂ ಇಲ್ಲಿ ಅಡ್ಡಹೆಸರುಗಳೇ. ಮುಳಗುಂದದಲ್ಲೇ ಇರುವವರನ್ನು ಮುಳಗುಂದದವರು ಎಂದು ಕರೆದರೆ ಗುರುತು ಸಿಗುವುದಿಲ್ಲ, ಅಲ್ಲಿ ಎಲ್ಲರೂ ಮುಳಗುಂದದವರೇ. ಅವರು ಗದಗಿಗೆ ಬಂದು ಅಂಗಡಿ ಇಟ್ಟಾಗ ಅದು ‘ಮುಳಗುಂದದವರ ಅಂಗಡಿ’ ಆಗುತ್ತದೆ. ಮಗನನ್ನು ಶಾಲೆಗೆ ಹಚ್ಚುವ ಹೊತ್ತಿಗೆ ‘ದವರ’ ಉದುರಿ ಬರೀ ‘ಮುಳಗುಂದ’ ದಾಖಲೆಗೆ ಏರುತ್ತದೆ. 1880ರ ದಶಕದಲ್ಲಿ ರೈಲು ಬಂದು ಗದಗ ದೊಡ್ಡ ಹತ್ತಿ ಪೇಟೆಯಾದ ಮೇಲೆ ಹೀಗೆ ಬಂದು ನೆಲೆಸಿದವರು ಹೆಚ್ಚಿದರು.

ಹೆಸರಿಗೆ ಊರೋ ನೆಲೆಯೋ ಅಂಟುವ ರೂಢಿ ಜಗತ್ತಿನ ಹಲವೆಡೆ ಇದೆ. ಡಚ್ಚರು ಹೆಸರಿಗೆ ‘ವಾನ್’ ಸೇರಿಸುತ್ತಾರೆ. ‘ವಾನ್ ಡೆನ್ ಬರ್ಗ್’ ಬೆಟ್ಟದ ಕಡೆಯವರು, ‘ವಾನ್ ಡೈಕ್’ ಒಡ್ಡಿನ ಬಳಿಯವರು. ಇತ್ತ ಹಳೇ ಮೈಸೂರಿನಲ್ಲಿ ಊರು ಹೆಸರಿನ ಮುಂದೆ ಒಂದಕ್ಷರವಾಗಿ ನಿಂತಿತು. ಸರ್ ಎಂ. ವಿಶ್ವೇಶ್ವರಯ್ಯ ಹುಟ್ಟಿದ್ದು ಮುದ್ದೇನಹಳ್ಳಿಯಲ್ಲಿ. ಅವರ ‘ಎಂ’ ಮಾತ್ರ ಪೂರ್ವಿಕರ ಮೋಕ್ಷಗುಂಡಂ, ಆಂಧ್ರದ ಊರು.

ಗದಗ ತಾಲ್ಲೂಕಿನ ಹುಯಿಲಗೋಳ, ಕುರ್ತಕೋಟಿ ಎಂಬ ಎರಡು ಹಳ್ಳಿಗಳನ್ನಂತೂ ಸಾಹಿತ್ಯ ನಾಡಿಗೆಲ್ಲ ಪರಿಚಯಿಸಿತು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಮೊಳಗಿದ ಕನ್ನಡ ನಾಡಿನ ಹಾಡು ಹುಯಿಲಗೋಳ ನಾರಾಯಣರಾಯರದು. ವಿಮರ್ಶಕ ಕೀರ್ತಿನಾಥ ಕುರ್ತಕೋಟಿಯವರು ಹುಟ್ಟಿದ್ದು ಗದಗಿನಲ್ಲಿ, ಹೆಸರಿನಲ್ಲಿ ಹೊತ್ತದ್ದು ಕುರ್ತಕೋಟಿಯನ್ನು.

ಈ ಅಡ್ಡಹೆಸರುಗಳ ಮೇಲೆ ಮರಾಠಿಯ ಪ್ರಭಾವವೂ ಉಂಟು. ಲಕ್ಷ್ಮೇಶ್ವರ ಮಿರಜ ಸಂಸ್ಥಾನದಲ್ಲಿ, ಶಿರಹಟ್ಟಿ ಸಾಂಗ್ಲಿ ಸಂಸ್ಥಾನದಲ್ಲಿ, ಮರಾಠಿ ಅರಸರ ಕೈಕೆಳಗೆ ಇದ್ದ ಊರುಗಳು. ಊರಿಗೆ ‘ಕರ’ ಸೇರಿ ಗದಗಕರ ಆದದ್ದು ಮರಾಠಿ ರೂಢಿಯಂತೆ.

ಊರಿನಿಂದ ಬಂದ ಅಡ್ಡಹೆಸರುಗಳ ದೊಡ್ಡ ಗುಣ ಬೇರೆಯೇ ಇದೆ. ಕುಲಕರ್ಣಿ, ದೇಸಾಯಿ ಎಂದರೆ ಹಿಂದಿನವರ ಹುದ್ದೆ ತಿಳಿಯುತ್ತದೆ. ಬಡಿಗೇರ, ಕಮ್ಮಾರ ಎಂದರೆ ಕಸುಬು. ಊರಿನ ಹೆಸರು ಜಾತಿ ಹೇಳುವುದಿಲ್ಲ. ಒಂದೇ ಅಡ್ಡಹೆಸರು ಲಿಂಗಾಯತರಲ್ಲೂ ಬ್ರಾಹ್ಮಣರಲ್ಲೂ ಮುಸಲ್ಮಾನರಲ್ಲೂ ಸಿಗುತ್ತದೆ. ನೆಂಟರಲ್ಲದಿದ್ದರೂ ಅವರೆಲ್ಲ ಒಂದೇ ಊರಿನ ನೀರು ಕುಡಿದವರ ಮಕ್ಕಳು. ಇದು ಈ ಸೀಮೆ ಹೆಮ್ಮೆಪಡಬೇಕಾದ ಸಂಗತಿ.

ಹೆಸರು ಹಿಡಿದು ಮೂಲ ಹುಡುಕುವವರು ಮಾತ್ರ ಅವಸರಪಡಬಾರದು, ಒಂದೇ ಹೆಸರಿನ ಊರು ಎರಡೆಡೆ ಇರಬಹುದು. ಗದಗಿಗೆ ಕೂಡಿಕೊಂಡ ಬೆಟಗೇರಿ ನೇಕಾರರ ಊರು. ‘ಆನಂದಕಂದ’ ಕಾವ್ಯನಾಮದ ಕವಿ ಬೆಟಗೇರಿ ಕೃಷ್ಣಶರ್ಮರ ಬೆಟಗೇರಿ ಗೋಕಾಕ ಸೀಮೆಯದು. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬಂದಿಳಿಯುವ ಕೆರೆಯ ಮಾಗಡಿ ಶಿರಹಟ್ಟಿಯ ಕಡೆಯದು; ಕೆಂಪೇಗೌಡರ ಮಾಗಡಿ ಬೆಂಗಳೂರಿನ ಬದಿಯದು. ಇಂಥಲ್ಲಿ ಮನೆದೇವರು ಯಾವುದು, ಯಾವ ಊರ ಜಾತ್ರೆಗೆ ತಪ್ಪದೆ ಹೋಗುತ್ತೀರಿ ಎಂದು ಮನೆಯ ಹಿರಿಯರನ್ನು ಕೇಳುವುದೇ ಸರಿಯಾದ ದಾರಿ.