ಲಿಂಗನಮಕ್ಕಿ: ಮಡೆನೂರು ಮೇಲೇಳುವ ಬೇಸಿಗೆ

ಮಳೆಗಾಲದಲ್ಲಿ ನಮ್ಮ ಹಾವೇರಿ ಕಡೆಯವರು ಪೇಪರ್ ಬಿಡಿಸಿದ ಕೂಡಲೇ ಜಲಾಶಯಗಳ ಮಟ್ಟ ಹುಡುಕುತ್ತಾರೆ. ಭದ್ರಾ, ತುಂಗಭದ್ರಾ ನೋಡುವುದು ಹೊಲಕ್ಕಾಗಿ. ಲಿಂಗನಮಕ್ಕಿ ನೋಡುವುದು ಜೋಗಕ್ಕಾಗಿ. ಗರಿಷ್ಠ ಮಟ್ಟ 1,819 ಅಡಿ. ಅದಕ್ಕೆ ಐದಾರು ಅಡಿ ಬಾಕಿ ಇದೆ ಎಂದು ಓದಿದರೆ ಸಾಕು, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ಗಾಡಿ ಗೊತ್ತುಮಾಡುವ ಮಾತು ಶುರುವಾಗುತ್ತದೆ. ಹಾನಗಲ್ಲ, ಶಿರಸಿ, ಸಿದ್ದಾಪುರ ದಾಟಿದರೆ ಜೋಗ.

ನಾನು ಹೋಗಿದ್ದು ಮೇ ತಿಂಗಳಲ್ಲಿ. ಜೊತೆಗೆ ಬಂದ ಕಾಕಾ ಜೋಗದ ಬರೀ ಬಂಡೆ ನೋಡಿ, "ಇಷ್ಟ ದೂರ ಬಂದದ್ದು ಇದಕ್ಕೇನೋ ತಮ್ಮಾ? ನೀರು ಎಲ್ಲಿ ಹೋತು?" ಎಂದರು. ಆ ಪ್ರಶ್ನೆ ಬೆನ್ನಿಗೇ ಅಂಟಿಕೊಂಡಿತು.

ನೀರು ಎಲ್ಲೂ ಹೋಗಿಲ್ಲ, ದಾರಿ ಬದಲಿಸಿದೆ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿಯಲ್ಲಿ ಸುಮಾರು 151 ಟಿಎಂಸಿ ಅಡಿ ನೀರು ನಿಲ್ಲುತ್ತದೆ. ಅಲ್ಲಿಂದ ಕಾಲುವೆಯಲ್ಲಿ ತಲಕಳಲೆಗೆ, ಮುಂದೆ ಕೊಳವೆಗಳಲ್ಲಿ ಘಟ್ಟ ಇಳಿದು 1,035 ಮೆಗಾವಾಟ್‌ನ ಶರಾವತಿ ವಿದ್ಯುದಾಗಾರಕ್ಕೆ. ರಾಜ, ರಾಣಿ, ರೋರರ್, ರಾಕೆಟ್ ಧುಮುಕುವ 253 ಮೀಟರ್ ಬಂಡೆ ಪಕ್ಕಕ್ಕೆ ಉಳಿಯುತ್ತದೆ. ಜೋಗ ಮೈದುಂಬಬೇಕಾದರೆ ಅಣೆಕಟ್ಟಿನ ಗೇಟು ತೆರೆಯಬೇಕು, ಇಲ್ಲವೇ ಅಣೆಕಟ್ಟಿನ ಕೆಳಗಿನ ಕಾಡಿನಲ್ಲಿ ಜೋರು ಮಳೆಯಾಗಬೇಕು.

ಗೇಟು ತೆರೆದರೆ ಎಷ್ಟು ನಷ್ಟ? ಲೆಕ್ಕ ಹಾಕಿ ನೋಡಿದೆ. ಸಾವಿರ ಕ್ಯುಸೆಕ್ ನೀರು ಒಂದು ತಾಸು ಹರಿದರೆ, ಕೊಳವೆಗಳು ಇಳಿಯುವ ಘಟ್ಟದ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಲಕ್ಷ ಯೂನಿಟ್ ವಿದ್ಯುತ್. ಮೇ ತಿಂಗಳಲ್ಲಿ ಆ ಯೂನಿಟ್ಟುಗಳ ಬೆಲೆ ನಮ್ಮೂರಿನವರಿಗೆ ಚೆನ್ನಾಗಿ ಗೊತ್ತು. ಬ್ಯಾಡಗಿಯ ಕೋಲ್ಡ್ ಸ್ಟೋರೇಜ್‌ಗಳಲ್ಲಿ ಮೆಣಸಿನಕಾಯಿ ಚೀಲಗಳು ಮಾಳಿಗೆಯ ತನಕ ಪೇರಿಸಿರುವ ಹೊತ್ತು ಅದು. ಕರೆಂಟ್ ಕೈಕೊಟ್ಟರೆ ಕಾಯಿಯ ಕೆಂಪು ಮಾಸುತ್ತದೆ, ರೈತನ ದರ ಇಳಿಯುತ್ತದೆ. ಗ್ರಿಡ್ ಸೇರಿದ ವಿದ್ಯುತ್ತಿಗೆ ಊರಿನ ಹೆಸರಿರುವುದಿಲ್ಲ. ಶರಾವತಿಯದ್ದೂ ಅದರಲ್ಲಿ ಬೆರೆತೇ ಬರುತ್ತದೆ. ಕಾಕಾನಿಗೆ ಇದನ್ನು ಹೇಳಿದಾಗ ಅವರು ಸುಮ್ಮನಾದರು, ಒಪ್ಪಿದರೆನ್ನಲಾರೆ.

ನೀರು ಇಳಿದಾಗಲೇ ಕಾಣುವ ಚೆಲುವೂ ಇಲ್ಲಿದೆ. ಲಿಂಗನಮಕ್ಕಿಗಿಂತ ಮೊದಲು, 1940ರ ದಶಕದಲ್ಲಿ ಕಟ್ಟಿದ ಹಿರೇಭಾಸ್ಕರ ಅಣೆಕಟ್ಟು, ಜನ ಕರೆಯುವಂತೆ ಮಡೆನೂರು ಡ್ಯಾಂ, ಹೊಸ ಜಲಾಶಯದ ಹೊಟ್ಟೆಯೊಳಗೇ ಮುಳುಗಿತು. ಬಿರುಬೇಸಿಗೆಯಲ್ಲಿ ಅದು ಮೇಲೇಳುತ್ತದೆ. ಬಿರುಕುಬಿಟ್ಟ ಕೆಸರು, ಕರಿದಾದ ಮರದ ಬೊಡ್ಡೆಗಳ ನಡುವೆ ನಡೆದು ಗೋಡೆ ಮುಟ್ಟಿದೆ. ಇಷ್ಟು ವರ್ಷ ನೀರಲ್ಲಿದ್ದರೂ ಕಲ್ಲಿನ ಸಂದು ಬಿಟ್ಟಿಲ್ಲ. ಮೈಸೂರು ಸಂಸ್ಥಾನದ ಎಂಜಿನಿಯರ್ ಗಣೇಶ್ ಅಯ್ಯರ್ ರೂಪಿಸಿದ ಸೈಫನ್‌ಗಳು ಗುಮ್ಮಟ ಹೊತ್ತ ದುಂಡು ಬಾವಿಗಳಂತೆ ನಿಂತಿವೆ. ನೀರು ನಿಗದಿತ ಮಟ್ಟ ಮೀರಿದರೆ ಗೇಟು, ಕೈಯಾಳು ಯಾವುದೂ ಬೇಡ, ತಾನಾಗಿ ಸುತ್ತುತ್ತ ಒಳಗಿಳಿದು ಹೊರಹೋಗುವ ವ್ಯವಸ್ಥೆ. ಒಳಗೆ ಕೂಗಿದರೆ ದನಿ ಸುತ್ತಿ ಬರುತ್ತದೆ.

ಆದರೆ ಅದೇ ಇಳಿದ ನೀರು ಹೊನ್ನೇಮರಡುವಿನಲ್ಲಿ ದೋಣಿ ನಡೆಸುವವರನ್ನು ದಡದಿಂದ ದೂರ ಮಾಡುತ್ತದೆ. ಸಿಗಂದೂರಿಗೆ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೂ ನೀರು ತೀರ ಇಳಿದರೆ ಲಾಂಚ್‌ಗೆ ವಾಹನ ಹತ್ತಿಸುವುದೇ ಕಷ್ಟವಾಗುತ್ತಿತ್ತು. ಲಾಂಚ್‌ನ ಆಚೆ ದಡದಲ್ಲಿದ್ದವರೇ ಈ ನೀರಿಗಾಗಿ ಗದ್ದೆ, ತೋಟ ಕಳೆದುಕೊಂಡವರು. ಸಂತ್ರಸ್ತರ ಭೂಮಿ ಹಕ್ಕಿನ ಹೋರಾಟ ಆರು ದಶಕ ದಾಟಿದೆ. ಪ್ರವಾಸಿಯ ಬೇಸರ ಅದರ ಮುಂದೆ ತೀರ ಸಣ್ಣದು.

ಬಿದ್ದ ನೀರನ್ನೇ ಪಂಪ್ ಮಾಡಿ ವರ್ಷವಿಡೀ ಜೋಗ ಹರಿಸುವ 'ಸರ್ವಋತು ಜಲಪಾತ'ದ ಮಾತು ಕೆಲ ವರ್ಷ ನಡೆಯಿತು. ವಿದ್ಯುತ್ ಉತ್ಪಾದಿಸುವ ಊರಿನಲ್ಲಿ ವಿದ್ಯುತ್ ಸುಟ್ಟು ಜಲಪಾತ ಮಾಡುವುದು ನನಗಂತೂ ಒಪ್ಪಿಗೆಯಿಲ್ಲ. ಜಲಾಶಯ ತುಂಬುತ್ತ ಬಂದ ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೇಗೂ ಹೊರಬಿಡಬೇಕಾದ ನೀರಿದ್ದರೆ ಅದನ್ನು ಹಗಲು ಹೊತ್ತಿನಲ್ಲಿ, ದಿನಾಂಕ ಮೊದಲೇ ಪೇಪರ್‌ನಲ್ಲಿ ಹಾಕಿ ಬಿಡಲಿ. ಬ್ಯಾಡಗಿಯಿಂದ ಹೊರಟವರಿಗೂ ಅನುಕೂಲ, ನದಿಪಾತ್ರದಲ್ಲಿ ಇರುವವರಿಗೂ ಎಚ್ಚರಿಕೆ.

ಮಡೆನೂರು ನೋಡಬೇಕೆಂದವರು ಸಾಗರದಲ್ಲಿ ನೀರಿನ ಮಟ್ಟ ವಿಚಾರಿಸಿ, ಮುಂಗಾರು ಹಿಡಿಯುವ ಮೊದಲೇ ಹೋಗಬೇಕು. ಹಿಂದಿನ ಮಳೆಗಾಲ ಭರ್ಜರಿಯಾಗಿದ್ದರೆ ಆ ಬೇಸಿಗೆ ಡ್ಯಾಂ ಮೇಲೆ ಬರುವ ಖಾತ್ರಿಯಿಲ್ಲ.